‘ಕಾಮಾ’ ಎಂಬ ತುಂಡು

ಇಂಗ್ಲಿಷಿನ ‘ಕಾಮಾ’ ಪದದ ಮೂಲ ಗ್ರೀಕ್ ಭಾಷೆಯ ‘ಕೊಮ್ಮ’, ಅಂದರೆ ಕತ್ತರಿಸಿದ ತುಂಡು. ಮೊದಲಿಗೆ ಈ ಹೆಸರಿದ್ದದ್ದು ಚಿಹ್ನೆಗಲ್ಲ, ವಾಕ್ಯದ ಕಿರುಭಾಗಕ್ಕೆ. ಅದಕ್ಕಿಂತ ದೊಡ್ಡ ಭಾಗವನ್ನು ‘ಕೋಲನ್’, ಅಂದರೆ ಅಂಗ, ಎನ್ನುತ್ತಿದ್ದರು. ಪದಗಳ ನಡುವೆ ಜಾಗವನ್ನೇ ಬಿಡದೆ ಬರೆಯುತ್ತಿದ್ದ ಆ ಕಾಲದ ಸುರುಳಿಗಳನ್ನು ಗಟ್ಟಿಯಾಗಿ ಓದುವವರಿಗೆ ನೆರವಾಗಲೆಂದು, ಕ್ರಿಸ್ತಪೂರ್ವ 200ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಗ್ರಂಥಪಾಲಕನಾಗಿದ್ದ ಬೈಜಾಂಟಿಯಮ್ಮಿನ ಅರಿಸ್ಟೋಫೇನಿಸ್, ಸಾಲಿನ ಮೇಲೆ, ನಡುವೆ, ಕೆಳಗೆ ಚುಕ್ಕಿಯಿಡುವ ಕ್ರಮವನ್ನು ರೂಪಿಸಿದನೆಂದು ಪರಂಪರೆ ಹೇಳುತ್ತದೆ. ತುಂಡಿನ ಹೆಸರು ಬರಬರುತ್ತಾ ಅದರ ಕೊನೆಯಲ್ಲಿಡುವ ಗುರುತಿಗೇ ಅಂಟಿಕೊಂಡಿತು. ನಮ್ಮ ‘ಅಲ್ಪವಿರಾಮ’ ಓದುಗನ ಉಸಿರನ್ನು ಗಮನಿಸಿದರೆ ಗ್ರೀಕರ ಪದ ವಾಕ್ಯದ ಕಟ್ಟನ್ನು ಗಮನಿಸುತ್ತದೆ. ಉದ್ದನೆಯ ವಾಕ್ಯವೊಂದನ್ನು ಮುಂದಿಟ್ಟುಕೊಂಡು ಕರಡು ತಿದ್ದುವಾಗ ನನಗಂತೂ ಈ ಎರಡನೆಯ ನೋಟವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.