ಅಜ್ಜಿಯಿಂದ ಬಂದ ಪ್ರಾರ್ಥನೆ

ಕಾಸರಗೋಡಿನ ಮಧೂರಿಗೆ ಹೋಗುವ ಹೆಚ್ಚಿನವರ ಬಾಯಲ್ಲಿ ಬರುವುದು ಗಣಪತಿಯ ಹೆಸರು; ಆದರೆ ಅಲ್ಲಿನ ಪ್ರಧಾನ ದೇವರು ಮದನಂತೇಶ್ವರನೆಂಬುದನ್ನು ಮನೆಯ ಮಕ್ಕಳು ಮರೆಯದಂತೆ ನಮ್ಮ ಅಜ್ಜಿ ನೋಡಿಕೊಂಡಿದ್ದರು. ಹುಲ್ಲು ಕೊಯ್ಯುತ್ತಿದ್ದ ಮದರು ಎಂಬ ಹೆಂಗಸಿನ ಕತ್ತಿ ತಾಗಿ ಆ ಲಿಂಗ ಪ್ರಕಟವಾಯಿತೆಂದೂ, ಅರ್ಚಕರ ಮಕ್ಕಳು ಆಟಕ್ಕೆಂದು ಗರ್ಭಗುಡಿಯ ಗೋಡೆಯಲ್ಲಿ ಬರೆದ ಚಿತ್ರವೇ ಮಹಾಗಣಪತಿಯಾಗಿ ಬೆಳೆಯಿತೆಂದೂ ಸ್ಥಳಪುರಾಣ ಹೇಳುತ್ತದೆ. ದುಡಿಯುವ ಹೆಂಗಸಿಗೆ ಮತ್ತು ಆಡುವ ಮಕ್ಕಳಿಗೆ ದೇವರು ಒಲಿದ ಕ್ಷೇತ್ರದಲ್ಲಿ ನಮ್ಮ ವಿದ್ಯೆ, ಅಂತಸ್ತುಗಳನ್ನು ಹೊತ್ತುಕೊಂಡು ನಿಲ್ಲುವುದು ನನಗೆ ಸರಿಕಾಣುವುದಿಲ್ಲ.

1992ರ ಅನಂತರ 2025ರಲ್ಲಿ ಮೂಡಪ್ಪ ಸೇವೆ ನಡೆದು, ಗಣಪತಿಯನ್ನು ಅಪ್ಪದ ರಾಶಿಯಿಂದ ಮುಚ್ಚಿದ ಆ ಪುಣ್ಯಕಾಲದಲ್ಲಿ, ಅಷ್ಟೊಂದು ಜನರ ನಡುವೆ ನಿಂತ ನನಗೆ ಬೇಡಿಕೊಳ್ಳಲು ಏನೂ ತೋಚಲಿಲ್ಲ. ಅಜ್ಜಿ ದೀಪ ಹಚ್ಚುವಾಗ ಹೇಳುತ್ತಿದ್ದ ಮಾತನ್ನೇ ಹೇಳಿದೆ: “ಇಷ್ಟರವರೆಗೆ ನಡೆಸಿದವನು ನೀನು; ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.” ಇದರಲ್ಲಿ ಕೊಡು ಎಂಬ ಕೋರಿಕೆಯೇ ಇಲ್ಲ, ನನಗೆ ಬಹಳ ಪ್ರಿಯವಾದದ್ದು ಅದೇ. (ಸಂಸ್ಕೃತ ಶ್ಲೋಕಗಳು ಅಜ್ಜಿಗೆ ಬರುತ್ತಿರಲಿಲ್ಲ.) ಈ ಮಾತನ್ನು ಅವರಿಗೆ ಅವರ ತಾಯಿ ಕಲಿಸಿದ್ದಂತೆ, ಅದಕ್ಕೂ ಹಿಂದೆ ಯಾರಿಂದ ಬಂತೆಂದು ಹೇಳಬಲ್ಲವರು ಈಗ ನಮ್ಮ ಮನೆಯಲ್ಲಿ ಉಳಿದಿಲ್ಲ. ನನ್ನ ಮಗಳು ಅದನ್ನು ಕಲಿಯುತ್ತಿದ್ದಾಳೆ.