ಖಲಾಸ್ ಎಂದರೆ ನನಗೆ ಗೊತ್ತಿತ್ತು

ನಮ್ಮ ವಾರ್ಡಿನ ಔಷಧದ ಟ್ರಾಲಿಗೆ ಒಂದು ಲ್ಯಾಮಿನೇಟ್ ಹಾಳೆ ಅಂಟಿಸಿದ್ದಾರೆ. ನಲವತ್ತು ಅರಬ್ಬಿ ಪದ, ಎದುರಿಗೆ ಇಂಗ್ಲಿಷ್ ಅರ್ಥ. ವಜಾ ಎಂದರೆ ನೋವು. (ನಮ್ಮಲ್ಲಿ ವಜಾ ಎಂದರೆ ಕೆಲಸದಿಂದ ತೆಗೆಯುವುದು, ದೊಡ್ಡ ವ್ಯತ್ಯಾಸವೇನಿಲ್ಲ.) ದೋಖಾ ಎಂದರೆ ತಲೆಸುತ್ತು. ಇಬ್ರಾ ಎಂದರೆ ಸೂಜಿ. ಈ ಹಾಳೆ ಹುಟ್ಟಿದ್ದು ನನ್ನ ಒಂದು ರಾತ್ರಿಯ ತಪ್ಪಿನಿಂದ. ಅದರ ಹತ್ತಿರ ಹೋದಾಗಲೆಲ್ಲ ಒಂದು ಪ್ಲಾಸ್ಟಿಕ್ ಚಮಚ ನನ್ನ ಕಣ್ಣಿಗೆ ಕಟ್ಟುತ್ತದೆ.

ನಾನು ಕಾರ್ಕಳದ ಕಡೆಯವಳು. ಜೆಡ್ಡಾಕ್ಕೆ ಬಂದು ಒಂಬತ್ತು ವರ್ಷವಾಯಿತು, ಚಾರ್ಜ್ ನರ್ಸ್ ಆಗಿ ಮೂರು. ಬರುವ ಮೊದಲು ಎಲ್ಲರ ಹಾಗೆ ನಾನೂ ಕಾಗದಗಳ ಹಿಂದೆ ಓಡಿದವಳೇ: ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಪದವಿ ಪತ್ರ, ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ, ಆಸ್ಪತ್ರೆಯ ಅನುಭವ ಪತ್ರ, ಈ ಮೂರಕ್ಕೂ ಡೇಟಾಫ್ಲೋ ಎಂಬ ಕಂಪನಿಯ ಪರಿಶೀಲನೆ, ಕೊನೆಗೆ ಬೆಂಗಳೂರಿನಲ್ಲಿ ಪ್ರೊಮೆಟ್ರಿಕ್ ಎಂಬ ಲೈಸೆನ್ಸ್ ಪರೀಕ್ಷೆ. ಪರೀಕ್ಷೆ ಪೂರ್ತಿ ಇಂಗ್ಲಿಷಿನಲ್ಲಿ. ಮೊದಲ ಸಲಕ್ಕೇ ಪಾಸಾದೆ. ನೀರಿಗೆ ಅರಬ್ಬಿಯಲ್ಲಿ ಏನೆನ್ನುತ್ತಾರೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಈಗಲೂ ಕಾರ್ಕಳದಲ್ಲೇ ಇರುತ್ತಿದ್ದೆ.

ಕೊಲ್ಲಿಯ ನರ್ಸ್ ಎಂದರೆ ಮಲಯಾಳಿ, ಇಲ್ಲವೇ ಫಿಲಿಪ್ಪೀನ್ಸಿನವಳು ಎಂದು ಊರಿನಲ್ಲಿ ತಿಳಿದಿರುತ್ತಾರೆ. ಅಕ್ಕಪಕ್ಕದ ಅರಬ್ ದೇಶಗಳಿಂದ ಬರುವವರೂ ಬಹಳ ಮಂದಿ. ಭಾಷೆ ಒಂದೇ, ನಡುವೆ ಒಂದು ಸಮುದ್ರವೋ ಮರುಭೂಮಿಯೋ ಇದೆ, ಅಷ್ಟೇ. ಆದರೆ ಲೈಸೆನ್ಸ್ ಗಡಿ ದಾಟುವುದಿಲ್ಲ. ಸೌದಿಯ ಆರೋಗ್ಯ ಕಮಿಷನ್ನಿನದು ಬೇರೆ, ಕತಾರಿನದು ಬೇರೆ, ಓಮಾನಿನದು ಬೇರೆ. ಎಮಿರೇಟ್ಸಿನಲ್ಲಂತೂ ದುಬೈಗೊಂದು, ಅಬುಧಾಬಿಗೊಂದು, ಉಳಿದ ಕಡೆಗೆ ಸಚಿವಾಲಯದ್ದು ಇನ್ನೊಂದು. ನಮ್ಮ ವಾರ್ಡಿನ ಜೋರ್ಡಾನಿನ ಹುಡುಗ ಓದಿದ್ದು ಇಂಗ್ಲಿಷಿನಲ್ಲಿ. ಪರೀಕ್ಷೆಯನ್ನು ಆಟದ ಹಾಗೆ ಮುಗಿಸಿ ಈಗ ದುಬೈಯತ್ತ ಕಣ್ಣಿಟ್ಟಿದ್ದಾನೆ. ಈಜಿಪ್ಟಿನ ಆಪಾ (ಹಿರಿಯಕ್ಕ) ಅವರದು ಎರಡು ವರ್ಷದ ತಾಂತ್ರಿಕ ಡಿಪ್ಲೊಮಾ. ಐಸಿಯುವಿನಲ್ಲಿ ಕೂದಲು ನರೆತಿದ್ದರೂ ವರ್ಗೀಕರಣದಲ್ಲಿ ಅವರು ಟೆಕ್ನಿಷಿಯನ್, ನಾಲ್ಕು ವರ್ಷ ಓದಿದ ನಾನು ಸ್ಪೆಷಲಿಸ್ಟ್. ಕ್ಯಾನುಲಾ ಹಾಕಲು ಸಿರೆ ಸಿಗದಿದ್ದರೆ ಸ್ಪೆಷಲಿಸ್ಟರು ಹುಡುಕಿಕೊಂಡು ಹೋಗುವುದು ಈ ಟೆಕ್ನಿಷಿಯನ್ನನ್ನೇ. ಟುನೀಷಿಯಾದವಳೊಬ್ಬಳು ಫ್ರೆಂಚಿನಲ್ಲಿ ಓದಿ ಬಂದವಳು. ಅವರ ಕಡೆ ಬರೆಯುವ ಅಂಕಿ ನಮ್ಮ 1, 2, 3 ಇದ್ದ ಹಾಗೆಯೇ. ಆದ್ದರಿಂದ ಇಲ್ಲಿನ ರೋಗಿಗಳ ಕೈಬರಹದ ಅಂಕಿಗಳ ಮುಂದೆ ಅರಬ್ಬಿ ತಾಯ್ನುಡಿಯ ಆಕೆಯೂ ತಡವರಿಸುತ್ತಿದ್ದಳು.

ನಾನು ತಡವರಿಸುತ್ತಿರಲಿಲ್ಲ, ಅದೇ ನನ್ನ ಜಂಬ. ಇಲ್ಲಿನ ಐದು ನಮ್ಮ ಕನ್ನಡದ ಸೊನ್ನೆಯಂತೆಯೇ ದುಂಡಗಿರುತ್ತದೆ. ಇಲ್ಲಿನ ಸೊನ್ನೆ ಬರೀ ಒಂದು ಚುಕ್ಕೆ. ಹದಿನೈದು ಎಂದು ಬರೆದಿದ್ದರೆ ಹೊಸಬರ ಕಣ್ಣು ಹತ್ತು ಎಂದು ಓದುತ್ತದೆ. ನಾನು ಬಂದ ಹೊಸದರಲ್ಲಿ ಆಸ್ಪತ್ರೆಯ ಬಸ್ಸಿನ ಕಿಟಕಿಯಿಂದ ಕಾರುಗಳ ನಂಬರ್ ಪ್ಲೇಟ್ ನೋಡಿ ನೋಡಿ ಕಲಿತೆ; ಅವುಗಳಲ್ಲಿ ಎರಡೂ ಬಗೆಯ ಅಂಕಿಗಳಿರುತ್ತವೆ. ಆಮೇಲೆ ಇನ್ನೂರು ಪದ ಕಲಿತೆ. ತಾರೀಖು, ವಕೀಲ, ಹಾಜರು, ಖಾಲಿ, ಸವಾಲು, ಜವಾಬು: ನಮ್ಮ ತಾಲ್ಲೂಕು ಕಚೇರಿಯ ಕನ್ನಡದಲ್ಲಿ ಅರ್ಧ ಅರಬ್ಬಿಯೇ ಇದೆ ಎಂದು ಊಟದ ಕೋಣೆಯಲ್ಲಿ ಭಾಷಣ ಬಿಗಿಯುತ್ತಿದ್ದೆ.

ಇನ್ನು ಆ ಹುಡುಗಿಯ ವಿಷಯ. ಹೆಸರು ಬೇಡ. ಸುಡಾನಿನವಳು, ಆದರೆ ಹುಟ್ಟಿ ಬೆಳೆದದ್ದು ಜೆಡ್ಡಾದಲ್ಲಿ. ತಂದೆಗೆ ಇಲ್ಲೇ ಕೆಲಸ. ನರ್ಸಿಂಗ್ ಓದಲು ಖಾರ್ಟೂಮಿಗೆ ಹೋಗಿ, ಪದವಿ ಮುಗಿಸಿ, ಅಲ್ಲೇ ಒಂದು ಆಸ್ಪತ್ರೆಯಲ್ಲಿ ಕೆಲಸ ಹಿಡಿದಿದ್ದಳು. 2023ರ ರಂಜಾನಿಗೆ ಒಂದು ಬ್ಯಾಗು ಹಿಡಿದು ತಂದೆ ತಾಯಿಯ ಬಳಿ ಬಂದಳು. ಏಪ್ರಿಲ್ 15ರಂದು ಖಾರ್ಟೂಮಿನಲ್ಲಿ ಯುದ್ಧ ಶುರುವಾಯಿತು. ಅಸಲು ಪ್ರಮಾಣಪತ್ರಗಳೆಲ್ಲ ಅಲ್ಲಿನ ಕೋಣೆಯ ಕಪಾಟಿನಲ್ಲಿ. ಪೋರ್ಟ್ ಸುಡಾನಿನಿಂದ ಜೆಡ್ಡಾಕ್ಕೆ ಹಡಗುಗಳು ಜನರನ್ನು ತಂದು ಇಳಿಸುತ್ತಿದ್ದ ಆ ದಿನಗಳು ನಮಗೂ ನೆನಪಿವೆ. ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದಾರೆಂದು ಕನ್ನಡಿಗರ ಮೊಬೈಲುಗಳೆಲ್ಲ ಬಡಿದುಕೊಳ್ಳುತ್ತಿದ್ದವು. ಭಾರತ ಆ ಕಾರ್ಯಾಚರಣೆಗೆ ಕಾವೇರಿ ಎಂದು ಹೆಸರಿಟ್ಟಿತ್ತು. ಅದು ನಮ್ಮ ನಾಡಿನ ನದಿ ಎಂದು ಒಮ್ಮೆ ಅವಳಿಗೆ ಹೇಳಿದಾಗ, "ನನ್ನ ಊರಿನಲ್ಲಿ ಎರಡು ನೈಲ್‌ಗಳು ಕೂಡುತ್ತವೆ ಸಿಸ್ಟರ್. ಒಂದರಲ್ಲಾದರೂ ನನ್ನ ಕಪಾಟು ತೇಲಿ ಬರಬಹುದಿತ್ತು" ಎಂದಿದ್ದಳು.

ಡೇಟಾಫ್ಲೋ ಕೆಲಸ ಮಾಡುವ ರೀತಿ ಗೊತ್ತಿರುವವರಿಗೆ ಮುಂದಿನದು ತಾನೇ ಹೊಳೆಯುತ್ತದೆ. ಅವರು ನಮ್ಮ ಕೈಯ ಕಾಗದವನ್ನು ನಂಬುವುದಿಲ್ಲ, ಕಾಗದ ಕೊಟ್ಟ ಸಂಸ್ಥೆಯನ್ನೇ ಕೇಳುತ್ತಾರೆ. ಸಂಸ್ಥೆಗೆ ಬೀಗ ಬಿದ್ದಿದ್ದರೆ, ಗುಮಾಸ್ತ ದೇಶ ಬಿಟ್ಟು ಓಡಿದ್ದರೆ, ಉತ್ತರ ಕೊಡುವವರು ಯಾರು? ಇವಳ ವರದಿ ಬಂದಿತು: ದೃಢೀಕರಿಸಲು ಆಗಲಿಲ್ಲ. ಸುಳ್ಳು ಎಂದಲ್ಲ, ನಿಜ ಎಂದೂ ಅಲ್ಲ. ಅದಿಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ. ಇತ್ತ ಕೆಲಸ ಬಿಟ್ಟ ಅವಧಿ ಉದ್ದವಾದಷ್ಟೂ ಲೈಸೆನ್ಸಿಗೆ ತೊಡಕು; ತಿಂಗಳುಗಳು ಅವಳ ವಿರುದ್ಧವೇ ಓಡುತ್ತಿದ್ದವು. ಹಾಗಾಗಿ ನಮ್ಮಲ್ಲಿ ವಾರ್ಡ್ ಕ್ಲರ್ಕ್ ಆಗಿ ಸೇರಿದಳು. ಫೋನ್ ಎತ್ತುವುದು, ಫೈಲ್ ಜೋಡಿಸುವುದು, ಲ್ಯಾಬಿಗೆ ಹೇಳುವುದು. ರೋಗಿಯನ್ನು ಮುಟ್ಟುವಂತಿಲ್ಲ. ಬಿಡುವಿದ್ದಾಗ ಮೊಬೈಲಿನಲ್ಲಿ ಪ್ರೊಮೆಟ್ರಿಕ್ ಪ್ರಶ್ನೆಗಳನ್ನು ಬಿಡಿಸುತ್ತಿದ್ದಳು. 'ನರ್ಸ್ ಮೊದಲು ಏನು ಮಾಡಬೇಕು?' ಎಂಬ ಜಾತಿಯವು. ನಾನು ಮೇಷ್ಟ್ರ ಗತ್ತಿನಲ್ಲಿ ತಿದ್ದಲು ಹೋಗುತ್ತಿದ್ದೆ. ತಿದ್ದಲು ಹೆಚ್ಚೇನೂ ಇರುತ್ತಿರಲಿಲ್ಲ.

ಆ ರಾತ್ರಿ ಇಪ್ಪತ್ತೆರಡು ರೋಗಿಗಳು, ನಾವು ನಾಲ್ವರು. ಎಂಟು ಗಂಟೆಗೆ ಎಮರ್ಜೆನ್ಸಿಯಿಂದ ಒಬ್ಬ ಅಜ್ಜಿ ಬಂದರು. ತಾಯಿಫ್ ಕಡೆಯ ಹಳ್ಳಿಯವರು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು. ಮಗ ಇಳಿಸಿ, ಮತ್ತೆ ಬರುತ್ತೇನೆಂದು ಹೋದ. ಸಕ್ಕರೆ 212. ಊಟದ ಜೊತೆ ಆಸ್ಪಾರ್ಟ್, ಅಂದರೆ ಬೇಗ ಕೆಲಸ ಮಾಡುವ ಇನ್ಸುಲಿನ್, ಹತ್ತು ಯೂನಿಟ್ ಎಂದು ಆರ್ಡರ್; ಉಣ್ಣದೆ ತೆಗೆದುಕೊಂಡರೆ ಸಕ್ಕರೆ ಕುಸಿಯುತ್ತದೆ. ಒಂಬತ್ತಕ್ಕೆ ತಡವಾದ ಊಟದ ಟ್ರೇ ಬಂದಿತು. ಒಂಬತ್ತೂಕಾಲಿಗೆ ನಾನು ಇನ್ಸುಲಿನ್ ಎಳೆದುಕೊಂಡೆ. ಫಿಲಿಪ್ಪೀನ್ಸಿನ ಗೆಳತಿ ಡಬಲ್ ಚೆಕ್ ಮಾಡಿ ಸಹಿ ಹಾಕಿದಳು. ನಮ್ಮ ಡಬಲ್ ಚೆಕ್ಕಿನಲ್ಲಿ ಸಿರಿಂಜನ್ನು ಇಬ್ಬರು ನೋಡುತ್ತಾರೆ, ತಟ್ಟೆಯನ್ನು ಒಬ್ಬರೂ ನೋಡುವುದಿಲ್ಲ.

"ಹಜ್ಜಾ, ಅಕಲ್?" ಎಂದೆ. ಅಜ್ಜಿ, ಊಟ ಆಯಿತೇ ಎಂಬ ಅರ್ಥದಲ್ಲಿ.

ಅಜ್ಜಿ ಕೈ ಬೀಸಿ, "ಖಲಾಸ್, ಖಲಾಸ್" ಎಂದರು.

ಖಲಾಸ್! ಈ ಪದವನ್ನು ನನಗೆ ಯಾರು ಕಲಿಸಬೇಕು? ಕೈಯ ಕಾಸು ಖಲಾಸ್, ಪಾತ್ರೆಯ ಸಾರು ಖಲಾಸ್ ಎಂದು ಹೇಳಿಕೊಂಡೇ ಬೆಳೆದವಳು ನಾನು. ಟ್ರೇ ಪಕ್ಕದ ಮೇಜಿನ ಮೇಲಿತ್ತು. ಮುಚ್ಚಳ ಮುಚ್ಚಿತ್ತು. ಅದರ ಮೇಲೆ ಮಡಿಸಿದ ಕಾಗದದ ಕರವಸ್ತ್ರ, ಅದರ ಮೇಲೆ ಚಮಚ. ಚಮಚ ಪ್ಲಾಸ್ಟಿಕ್ ಲಕೋಟೆಯೊಳಗೇ ಇತ್ತು, ಅಂಚು ಕೂಡ ಹರಿದಿರಲಿಲ್ಲ. ಇದನ್ನು ನಾನು ಈಗ ಹೇಳುತ್ತಿದ್ದೇನೆ ಎಂದರೆ ಆಗ ನೋಡಿದ್ದೆ ಎಂದೇ ಅರ್ಥ. ನೋಡಿ, 'ಎಷ್ಟು ನೀಟಾಗಿ ಮುಚ್ಚಿಟ್ಟಿದ್ದಾರೆ' ಎಂದುಕೊಂಡೆ. ಇನ್ಸುಲಿನ್ ಕೊಟ್ಟು, ಪೂರ್ತಿ ಊಟ ಮಾಡಿದ್ದಾರೆ ಎಂದು ಚಾರ್ಟಿನಲ್ಲಿ ಬರೆದೆ.

ಹತ್ತು ಗಂಟೆಯ ಸುಮಾರಿಗೆ ಕ್ಲರ್ಕ್ ಹುಡುಗಿ ಟ್ರಾಲಿಯ ಬಳಿ ಬಂದು ನಿಂತಳು. "ಸಿಸ್ಟರ್, ಹನ್ನೆರಡನೇ ಬೆಡ್ಡಿನ ಹಜ್ಜಾ ಊಟ ಮಾಡಿದ ಹಾಗಿಲ್ಲ. ಮಗನಿಗೆ ಫೋನ್ ಮಾಡಿ ಮನೆಯಿಂದ ಅನ್ನ ತರಲು ಹೇಳುತ್ತಿದ್ದರು. ಉಪ್ಪಿಲ್ಲದ ಊಟ ಬೇಡವಂತೆ."

ನನ್ನ ಕೈಯಲ್ಲಿ ಆ್ಯಂಟಿಬಯಾಟಿಕ್ಕಿನ ಸೀಸೆ, ಕಿವಿಯಲ್ಲಿ ಎರಡು ಪಂಪುಗಳ ಅಲಾರಾಂ. "ನಾನೇ ಕೇಳಿದ್ದೇನೆ. ನೀನು ಫೈಲ್ ನೋಡಿಕೋ, ರೋಗಿಯನ್ನು ನಾನು ನೋಡಿಕೊಳ್ಳುತ್ತೇನೆ" ಎಂದೆ. ಎದುರಿಗೆ ಜೋರ್ಡಾನಿನ ಹುಡುಗನಿದ್ದ, ಹೌಸ್‌ಕೀಪಿಂಗಿನ ಇಬ್ಬರಿದ್ದರು. ದನಿ ಏರಿಸಿರಲಿಲ್ಲ. ಏರಿಸಿದ್ದರೆ ಎಷ್ಟೋ ವಾಸಿಯಿತ್ತು. ಕೋಪ ಎಂದಾದರೂ ಅಂದುಕೊಳ್ಳುತ್ತಿದ್ದಳು. ಅವಳು ಒಂದು ಕ್ಷಣ ನಿಂತು, ತಿರುಗಿ ಹೋಗಿ ಕುರ್ಚಿಯಲ್ಲಿ ಕುಳಿತಳು.

ಹತ್ತೂ ನಲವತ್ತಕ್ಕೆ ಹನ್ನೆರಡರ ಬೆಲ್ ಹೊಡೆಯಲಿಲ್ಲ. ಹೊಡೆದದ್ದು ಹನ್ನೊಂದರ ಬೆಲ್: ಪಕ್ಕದ ಹಾಸಿಗೆಯ ಹೆಂಗಸು ಬೊಟ್ಟು ಮಾಡಿ ತೋರಿಸಿದಳು. ಅಜ್ಜಿಯ ಹಣೆ, ಕುತ್ತಿಗೆ, ದಿಂಬು ಎಲ್ಲ ಒದ್ದೆ. ಕಣ್ಣು ತೆರೆದಿದ್ದರೂ ನನ್ನನ್ನು ದಾಟಿ ಎಲ್ಲೋ ನೋಡುತ್ತಿದ್ದರು. ಬೆರಳಿಗೆ ಚುಚ್ಚಿದೆ. 41. ಮೀಟರನ್ನು ನಂಬದೆ ಇನ್ನೊಂದು ಬೆರಳಿಗೆ ಚುಚ್ಚಿದೆ. ಅದೇ. ಸಿರೆಗೆ ಡೆಕ್ಸ್ಟ್ರೋಸ್ (ಸಕ್ಕರೆಯ ದ್ರಾವಣ) ಕೊಡಬೇಕೆಂದರೆ ಎಮರ್ಜೆನ್ಸಿಯಲ್ಲಿ ಹಾಕಿದ್ದ ಕ್ಯಾನುಲಾದ ಸುತ್ತ ಊತ, ಲೈನ್ ಹೋಗಿತ್ತು. ಜೋರ್ಡಾನಿನ ಹುಡುಗ ಡಾಕ್ಟರರಿಗೆ ಫೋನ್ ಮಾಡಿ ಹೊಸ ಸಿರೆ ಹುಡುಕತೊಡಗಿದ. ನಾನು ಜ್ಯೂಸ್ ಡಬ್ಬಿಗೆ ಕೊಳವೆ ಚುಚ್ಚಿ ಬಾಯಿಗೆ ಹಿಡಿದರೆ ಅಜ್ಜಿ ಹಲ್ಲು ಕಚ್ಚಿ ಮುಖ ತಿರುಗಿಸಿದರು. "ಅಸೀರ್, ಹಜ್ಜಾ, ಅಸೀರ್" ಎನ್ನುತ್ತಿದ್ದೆ. ನನ್ನ ಇನ್ನೂರು ಪದಗಳಲ್ಲಿ ಆಗ ನೆನಪಿದ್ದದ್ದು ಅದೊಂದೇ. ಅವರು ನನ್ನ ಕೈಯನ್ನು ತಳ್ಳಿದರು. ಜ್ಯೂಸ್ ನನ್ನ ತೋಳಿನ ಮೇಲೆ ಚೆಲ್ಲಿತು.

ಆಗ ಪರದೆ ಸರಿಸಿ ಅವಳು ಒಳಗೆ ಬಂದಳು. ಅನುಮತಿ ಕೇಳಲಿಲ್ಲ. ಹಾಸಿಗೆಯ ತಲೆಭಾಗವನ್ನು ಎತ್ತರಿಸಿದಳು, ಅಜ್ಜಿಯ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡಳು, ಕಿವಿಯ ಬಳಿ ಏನೋ ಹೇಳಿದಳು. ಉದ್ದದ ಮಾತು. ನನಗೆ ತಿಳಿದದ್ದು 'ಉಮ್ಮಿ' ಎಂಬುದು ಮಾತ್ರ, ಅಮ್ಮ ಎಂದು. ಅಜ್ಜಿ ಬಾಯಿ ಬಿಟ್ಟರು. ಮೊದಲು ಒಂದೇ ಗುಟುಕು ಕೊಟ್ಟು, ಗಂಟಲು ಇಳಿದು ಏರುವುದನ್ನು ನೋಡಿ, ಆಮೇಲೆ ಉಳಿದದ್ದನ್ನು ಕೊಟ್ಟಳು. ನೋಡುತ್ತಿದ್ದವರು ಯಾರೂ ಅವಳನ್ನು ಕ್ಲರ್ಕ್ ಎನ್ನುತ್ತಿರಲಿಲ್ಲ. ಅಷ್ಟರಲ್ಲಿ ಜೋರ್ಡಾನಿನ ಹುಡುಗನಿಗೆ ಸಿರೆಯೂ ಸಿಕ್ಕಿತು. ಹದಿನೈದು ನಿಮಿಷಕ್ಕೆ 63, ಇನ್ನೊಂದು ಹದಿನೈದಕ್ಕೆ 98. ಹನ್ನೊಂದೂವರೆಗೆ ಮಗ ಅನ್ನ ಮಾಂಸದ ಡಬ್ಬಿ ಹಿಡಿದು ಬಂದ. ಅಜ್ಜಿ ಕುಳಿತು ಉಂಡರು.

ಆಮೇಲೆ ನಾನು ಟ್ರೇಯ ಮುಚ್ಚಳ ತೆಗೆದೆ. ಬೇಯಿಸಿದ ಕೋಳಿ, ಅನ್ನ, ಎಲ್ಲ ಇಟ್ಟದ್ದು ಇಟ್ಟ ಹಾಗೇ ಇತ್ತು. "ಖಲಾಸ್ ಎಂದರಲ್ಲ?" ಎಂದು ಅವಳನ್ನು ಕೇಳಿದೆ. "ಸಾಕು, ತೆಗೆದುಕೊಂಡು ಹೋಗು ಎಂದದ್ದು ಸಿಸ್ಟರ್" ಎಂದಳು. ಕನ್ನಡದಲ್ಲೇ ಯೋಚಿಸಿದ್ದರೂ ನನಗೆ ಹೊಳೆಯಬೇಕಿತ್ತು. ನಮ್ಮಜ್ಜಿ ಅನ್ನ ಮುಟ್ಟದೆ ಎದ್ದ ದಿನವೂ, ಊಟ ಆಯಿತೇ ಎಂದು ಯಾರು ಕೇಳಿದರೂ, "ಆಯಿತು ಆಯಿತು" ಎಂದೇ ಹೇಳುತ್ತಿದ್ದರು.

ಬೆಳಿಗ್ಗೆ ಓವಿಆರ್, ಅಂದರೆ ನಡೆದ ಎಡವಟ್ಟಿನ ವರದಿ, ಬರೆದೆ. ನಮ್ಮ ಓವಿಆರ್ ತಂತ್ರಾಂಶದಲ್ಲಿ ಕಾರಣವನ್ನು ಪಟ್ಟಿಯಿಂದಲೇ ಆರಿಸಬೇಕು. ಪಟ್ಟಿಯಲ್ಲಿ 'ಭಾಷೆಯ ತೊಡಕು' ಇದೆ, 'ಹೇಳಿದ್ದನ್ನು ಕೇಳಲಿಲ್ಲ' ಎಂಬುದು ಇಲ್ಲ. ಇದು ಸಬೂಬು ಎಂದು ಗೊತ್ತಿದೆ, ಕೆಳಗೆ ಬರೆಯಲು ಖಾಲಿ ಜಾಗವೂ ಇತ್ತು. ಅಲ್ಲಿ ಅವಳು ಹತ್ತು ಗಂಟೆಗೇ ಎಚ್ಚರಿಸಿದ್ದನ್ನು ಬರೆಯಲಿಲ್ಲ. ಜ್ಯೂಸ್ ಕುಡಿಸಿದವರು ಯಾರು ಎಂದು ಮ್ಯಾನೇಜರ್ ಕೇಳಿದಾಗ ನಾನೇ ಎಂದೆ. ಲೈಸೆನ್ಸ್ ಇಲ್ಲದವಳು ರೋಗಿಯನ್ನು ಮುಟ್ಟಿದಳೆಂದರೆ ಅವಳ ಕೆಲಸ ಹೋಗುತ್ತಿತ್ತು, ನಿಜ. ಆದರೆ ಆ ಸುಳ್ಳು ನನ್ನನ್ನೂ ಕಾಪಾಡಿತು, ಮತ್ತು ಹೇಳುವಾಗ ಎರಡರಲ್ಲಿ ಯಾವುದು ಮೊದಲು ನೆನಪಾಯಿತೆಂದು ನನಗೆ ಗೊತ್ತು.

ಮರುರಾತ್ರಿ ಅವಳಿಗೆ ಇದನ್ನು ಹೇಳಿದೆ. ಮೊಬೈಲಿನಿಂದ ಕಣ್ಣೆತ್ತದೆ, "ಖಲಾಸ್, ಸಿಸ್ಟರ್" ಎಂದಳು. ಮುಗಿಯಿತು ಎಂದೋ, ಸಾಕು ಎಂದೋ, ಹೋಗಲಿ ಬಿಡಿ ಎಂದೋ, ಕೇಳುವ ಧೈರ್ಯ ಬರಲಿಲ್ಲ.

ಅವಳ ಕಾಗದಗಳು ಇನ್ನೂ ಬಂದಿಲ್ಲ. ಸಹಪಾಠಿಯೊಬ್ಬಳು ಕಾಲೇಜಿನ ಯಾರನ್ನೋ ಹುಡುಕಿದ್ದಾಳಂತೆ; ಇವಳು ಮತ್ತೆ ಶುಲ್ಕ ಕಟ್ಟಿ ಹೊಸದಾಗಿ ಅರ್ಜಿ ಹಾಕಿದ್ದಾಳೆ. ಅನುಭವ ಪತ್ರ ಕೇಳಿದಳು, ಬರೆದುಕೊಡಿಸಿದೆ. ಅದರಲ್ಲಿ ಇರುವುದು ವಾರ್ಡ್ ಕ್ಲರ್ಕ್ ಎಂದೇ. ಲೈಸೆನ್ಸಿನ ಲೆಕ್ಕಕ್ಕೆ ಅದು ಬರುವುದಿಲ್ಲ.

ಮ್ಯಾನೇಜ್‌ಮೆಂಟಿನವರು ಒಂದು ಗಂಟೆಯ ಉಪನ್ಯಾಸ ಕೊಡಿಸಿ ಈ ಹಾಳೆ ಅಂಟಿಸಿದರು. ಮೂವತ್ತೊಂದನೆಯ ಸಾಲಿನಲ್ಲಿ 'ಖಲಾಸ್: ಮುಗಿಯಿತು' ಎಂದಿತ್ತು. ಅವಳು ಅದರ ಪಕ್ಕದಲ್ಲಿ ಮಾರ್ಕರಿನಿಂದ 'ಅಥವಾ: ಬೇಡ. ತಟ್ಟೆ ನೋಡಿ' ಎಂದು ಸಣ್ಣದಾಗಿ ಬರೆದಳು. ಕಳೆದ ತಿಂಗಳು ಅಕ್ರೆಡಿಟೇಷನ್ನಿನ ತಯಾರಿಗೆ ಬಂದ ತಂಡ, ಲ್ಯಾಮಿನೇಟ್ ಮೇಲೆ ಕೈಬರಹ ಇರಬಾರದೆಂದು ಹಾಳೆಯನ್ನು ಕಿತ್ತು ಹೊಸದನ್ನು ಅಂಟಿಸಿ ಹೋಯಿತು. ಮೂವತ್ತೊಂದನೆಯ ಸಾಲು ಮೊದಲಿನಂತೆಯೇ ಇದೆ. ಅವಳು ಮಾರ್ಕರ್ ಹುಡುಕುತ್ತಿದ್ದಾಳೆ.