ರೇಡಿಯೋ ಹಿಂದಿನ ಖಾಲಿ ಸಾಕೆಟ್

ನಮ್ಮ ಹಳೇ ಕಾರಿಗೆ ಸ್ಯಾಟಲೈಟ್ ರೇಡಿಯೋ, ಅಂದರೆ ಉಪಗ್ರಹದಿಂದ ನೇರ ಬರುವ ರೇಡಿಯೋ, ಹಾಕಿಕೊಟ್ಟ ಅಜ್ಜ ಹೇಳಿದ ಮಾತು ಶನಿವಾರದಿಂದ ತಲೆಯಿಂದ ಹೋಗುತ್ತಲೇ ಇಲ್ಲ. "ಕಂಪನಿಯವರೇ ಬಾಗಿಲು ಇಟ್ಟಿದ್ದಾರೆ. ಗೋಡೆ ಒಡೆಯೋದು ಯಾಕೆ?"

ನಮ್ಮದು 2005ರ ಕಾರು. ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ಗೆ ಬಂದ ಹೊಸದರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಎಂಜಿನ್ ಇವತ್ತಿಗೂ ಗಟ್ಟಿ. ಕಂಪನಿ ಫಿಟ್ಟಿಂಗ್ ರೇಡಿಯೋ ಇದೆ, ಸಿ.ಡಿ. ಇದೆ. ಫೋನಿನ ವೈರ್ ಚುಚ್ಚುವ ಆಕ್ಸ್ ಇಲ್ಲ, ಬ್ಲೂಟೂತ್ ಇಲ್ಲ. ಮಗಳು ಪಿಟ್ಸ್‌ಬರ್ಗ್‌ನಲ್ಲಿ ಓದುತ್ತಾಳೆ, ತಿಂಗಳಿಗೊಮ್ಮೆ ಹೋಗಿ ಬರುತ್ತೇವೆ. ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಅನ್ನೋ ಟೋಲ್ ಹೈವೇನಲ್ಲಿ ಬೆಟ್ಟ ಶುರುವಾದರೆ ಹಿಡಿದ ಎಫ್‌ಎಂ ಸ್ಟೇಷನ್ ಸ್ವಲ್ಪ ಹೊತ್ತಿಗೇ ಕೈಬಿಡುತ್ತದೆ, ಫೋನ್ ಸಿಗ್ನಲ್ಲೂ ಅಲ್ಲಲ್ಲಿ ಹೋಗುತ್ತದೆ. ರಾತ್ರಿ ವಾಪಸ್ ಬರುವಾಗ ಓಡಿಸೋದು ನನ್ನ ಹೆಂಡತಿ. ಪಕ್ಕದಲ್ಲಿ ಯಾರಾದರೂ ಮಾತಾಡುತ್ತಾ ಇದ್ದರೆ ಅವಳಿಗೆ ಧೈರ್ಯ. ನನಗೆ ಹತ್ತು ಗಂಟೆ ಆದರೆ ಕಣ್ಣು ಎಳೆಯುತ್ತದೆ. ಅದಕ್ಕೇ ಸ್ಯಾಟಲೈಟ್ ರೇಡಿಯೋ.

ಇನ್ನೊಂದು ಕಾರಣವೂ ಇದೆ. ಬೆಂಗಳೂರಿನಲ್ಲಿ ಅಪ್ಪನ ಹತ್ತಿರ ವರ್ಲ್ಡ್‌ಸ್ಪೇಸ್ ರೇಡಿಯೋ ಇತ್ತು, ಅದೂ ಉಪಗ್ರಹದಿಂದ ಬರುತ್ತಿದ್ದದ್ದೇ. ಪೂರ್ವದ ಕಿಟಕಿಯಲ್ಲಿ ಪುಟ್ಟ ಆಂಟೆನಾ, ಅದರಲ್ಲಿ ಕನ್ನಡದ 'ಸ್ಪರ್ಶ', ಕರ್ನಾಟಕ ಸಂಗೀತದ 'ಶ್ರುತಿ'. ಕಿಟಕಿಗೆ ಬಟ್ಟೆ ಒಣಗಹಾಕಿದರೆ ಅಪ್ಪ ಬಂದು ತೆಗೆಯುತ್ತಿದ್ದರು. 2009ರ ಡಿಸೆಂಬರ್ 31ಕ್ಕೆ ಆ ಸೇವೆ ನಿಂತೇ ಹೋಯಿತು. ಆಮೇಲೂ ಅಪ್ಪ ಸೆಟ್ಟನ್ನು ದಿನಾ ಒರೆಸಿ ಇಡುತ್ತಿದ್ದರು.

ಮೊದಲು ಹೋದ ಅಂಗಡಿಯ ಹುಡುಗ ಲೈಟರ್ ಸಾಕೆಟ್‌ಗೆ ಚುಚ್ಚುವ ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ಕೊಟ್ಟ. ಸ್ಯಾಟಲೈಟ್ ರೇಡಿಯೋದ ಸದ್ದನ್ನು ಎಫ್‌ಎಂನ ಖಾಲಿ ಜಾಗದಲ್ಲಿ ಕಾರಿನ ರೇಡಿಯೋಗೆ ಕಳಿಸುವುದು ಅದರ ಕೆಲಸ. ನ್ಯೂಯಾರ್ಕ್ ಪಕ್ಕದಲ್ಲಿ ಎಫ್‌ಎಂನಲ್ಲಿ ಖಾಲಿ ಜಾಗ ಎಲ್ಲಿ ಸಿಗಬೇಕು? 87.9ಕ್ಕೆ ಇಟ್ಟರೂ ಕೊರ್ ಅನ್ನೋ ಸದ್ದು, ಮಧ್ಯೆ ಯಾವುದೋ ಸ್ಟೇಷನ್ ನುಗ್ಗುತ್ತದೆ. ವಾಪಸ್ ತಗೊಂಡು ಹೋದರೆ, "ಈ ರೇಡಿಯೋ ಕಿತ್ತು ಹೊಸ ಡೆಕ್ ಹಾಕಿಬಿಡೋಣ, ವೈರ್ ಕಟ್ ಮಾಡಿ ಜಾಯಿಂಟ್ ಹಾಕಿದರೆ ಆಯ್ತು" ಅಂದ. ಸ್ಟೀರಿಂಗ್ ಮೇಲಿನ ಬಟನ್? "ಅದು ಕೆಲಸ ಮಾಡಲ್ಲ." ಎಷ್ಟು ಸಲೀಸಾಗಿ ಹೇಳಿದ ಅಂದರೆ, ರಾತ್ರಿ ಹೈವೇನಲ್ಲಿ ಕೈ ತೆಗೆಯದೆ ಸೌಂಡ್ ಕಡಿಮೆ ಮಾಡೋದು ಒಂದು ವಿಷಯವೇ ಅಲ್ಲ ಅನ್ನೋ ಹಾಗೆ. ಆ ಹುಡುಗ ಕೆಟ್ಟವನಲ್ಲ. ಆದರೆ ಕತ್ತರಿ ಅವನ ಕೈಗೆ ಬೇಗ ಬರುತ್ತದೆ, ಅದು ನನಗೆ ಇಷ್ಟವಾಗಲಿಲ್ಲ.

ಆಫೀಸಿನ ಗೆಳೆಯರೊಬ್ಬರು ಈ ಅಜ್ಜನ ಬಗ್ಗೆ ಹೇಳಿದರು. ಎಪ್ಪತ್ತರ ಹತ್ತಿರ ವಯಸ್ಸು, ಮನೆ ಗ್ಯಾರೇಜಲ್ಲೇ ಕೆಲಸ. ಬ್ಯಾಟರಿ ಕಳಚುವ ಮುಂಚೆ, "ರೇಡಿಯೋ ಕೋಡ್ ಇದೆಯಾ?" ಅಂತ ಕೇಳಿದರು, ಕೆಲವು ರೇಡಿಯೋ ಕರೆಂಟ್ ಹೋಗಿ ಬಂದರೆ ಕೋಡ್ ಇಲ್ಲದೆ ಹಾಡಲ್ಲವಂತೆ. ಗೇರ್ ಮೇಲೆ ಹಳೆ ಟವೆಲ್ ಹಾಸಿದರು. ಸ್ಕ್ರೂಡ್ರೈವರ್ ಮುಟ್ಟಲಿಲ್ಲ, ಪ್ಲಾಸ್ಟಿಕ್ ಪಟ್ಟಿಯಿಂದ ಅಂಚನ್ನು ಒಂದೊಂದೇ ಕಡೆ ಎಬ್ಬಿಸಿದರು. ಟಕ್, ಟಕ್ ಅಂತ ಕ್ಲಿಪ್ ಬಿಟ್ಟವು. ರೇಡಿಯೋ ಹೊರಗೆ ಎಳೆದು, ಟಾರ್ಚ್ ಹಿಡಿದು, ಹಿಂದೆ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದು ತೋರಿಸಿದರು. ವೈರ್‌ಗಳ ಗೊಂಚಲಿನ ಪಕ್ಕದಲ್ಲಿ ಒಂದು ಬಿಳಿ ಸಾಕೆಟ್, ಪೂರ್ತಿ ಖಾಲಿ, ಒಳಗೆ ಇಷ್ಟು ವರ್ಷದ ಧೂಳು. ಸಿ.ಡಿ. ಚೇಂಜರ್, ಅಂದರೆ ಹಲವು ಸಿ.ಡಿ. ತುಂಬಿಡುವ ಪೆಟ್ಟಿಗೆ, ಬೇಕು ಅನ್ನುವವರಿಗೆ ಅಂತ ಕಂಪನಿ ಬಿಟ್ಟಿದ್ದು. ಉಫ್ ಅಂತ ಊದಿದರು. ಆಗಲೇ ಆ ಮಾತು ಹೇಳಿದ್ದು. ಕಂಪನಿಯವರೇ ಬಾಗಿಲು ಇಟ್ಟಿದ್ದಾರೆ, ಗೋಡೆ ಒಡೆಯೋದು ಯಾಕೆ?

ನಡುವೆ ಒಂದು ಅಡಾಪ್ಟರ್ ಬರುತ್ತದೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದು ರೇಡಿಯೋ ಹತ್ತಿರ ತಾನು ಸಿ.ಡಿ. ಚೇಂಜರ್ ಅಂತ ಹೇಳಿಕೊಳ್ಳುತ್ತದೆ, ಆ ಕಡೆ ಉಪಗ್ರಹದ ಸಿಗ್ನಲ್ ಹಿಡಿಯುವ ಸ್ಯಾಟಲೈಟ್ ಟ್ಯೂನರ್ ಜೊತೆ ಅದರ ಭಾಷೆಯಲ್ಲಿ ಮಾತಾಡುತ್ತದೆ. ಸ್ಟೀರಿಂಗ್‌ನಲ್ಲಿ ಮುಂದಿನ ಹಾಡು ಅಂತ ಒತ್ತಿದರೆ ಮುಂದಿನ ಚಾನೆಲ್ ಬರುತ್ತದೆ. ಒಂದು ವೈರೂ ಕತ್ತರಿಸಿಲ್ಲ. ನಾಳೆ ಬೇಡ ಅಂದರೆ ಕಳಚಿ ಮೊದಲಿನ ಹಾಗೆ ಮಾಡಬಹುದು.

ಆಂಟೆನಾ ಬೆಂಕಿಪೊಟ್ಟಣದಷ್ಟೇ, ಅಯಸ್ಕಾಂತದಿಂದ ಕಾರಿನ ತಲೆಗೆ ಅಂಟಿಕೊಂಡಿತು. ಅದರ ವೈರನ್ನು ಬಾಗಿಲಿನ ರಬ್ಬರ್ ಒಳಗೆ ಬೆರಳಿನಿಂದ ತುರುಕುತ್ತಾ ಹೋದರು. ಉಪಗ್ರಹಗಳು ಇರೋದು ಸಮಭಾಜಕದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಇಲ್ಲಿಂದ ನೋಡಿದರೆ ಅದು ದಕ್ಷಿಣದ ಆಕಾಶ. ಮರದ ಕೆಳಗಿಂದ ಕಾರನ್ನು ಬಯಲಿಗೆ ತಂದೆವು. ಚಾನೆಲ್ ಸೊನ್ನೆಗೆ ಹೋದರೆ ರೇಡಿಯೋ ನಂಬರ್ ಕಾಣುತ್ತದೆ, ಸೇವೆ ಶುರು ಮಾಡಲು ಅದನ್ನು ಸ್ಯಾಟಲೈಟ್ ರೇಡಿಯೋ ಕಂಪನಿಗೆ ಫೋನಲ್ಲಿ ಹೇಳಿ, ಎಂಜಿನ್ ಆನ್ ಇಟ್ಟು ಕಾದೆವು. ಸ್ವಲ್ಪ ಹೊತ್ತಿಗೆ ಬಿಬಿಸಿ ಸುದ್ದಿ ಸ್ಪಷ್ಟವಾಗಿ ಬಂತು. ಅಜ್ಜ ಟವೆಲ್ ಮಡಿಸುತ್ತಿದ್ದರು.

ತಿಪಟೂರಿನ ನಮ್ಮ ಹಳೇ ಮನೆ ನೆನಪಾಯಿತು. ನಡುಮನೆಗೆ ಫ್ಯಾನ್ ಹಾಕಲು ಬಂದವನು ತೊಲೆಗೆ ತೂತು ಕೊರೆದ. ಆ ತೊಲೆಯಲ್ಲಿ ಒಂದೇ ಅಡಿ ದೂರಕ್ಕೆ ಕಬ್ಬಿಣದ ಕೊಂಡಿ ಇತ್ತು. ತೊಟ್ಟಿಲು ಕಟ್ಟಲಿ ಅಂತ ಮನೆ ಕಟ್ಟಿದ ಬಡಗಿ ಬಿಟ್ಟಿದ್ದು, ನಾವೆಲ್ಲ ಅದರಲ್ಲೇ ತೂಗಿಸಿಕೊಂಡವರು. ಫ್ಯಾನಿನ ಭಾರಕ್ಕೆ ಅದು ಧಾರಾಳ ಸಾಕಿತ್ತು. ತಲೆಯೆತ್ತಿ ಒಂದು ಸಲ ನೋಡಿದ್ದರೆ ಕಾಣುತ್ತಿತ್ತು, ಅಲ್ವಾ? ನಂತರ ಮಳೆಗಾಲದಲ್ಲಿ ಆ ತೂತಿನ ಸುತ್ತ ಸೀಳು ಬಿಟ್ಟಿತು. ಅಜ್ಜಿ ಸಾಯುವವರೆಗೂ ಅದನ್ನು ನೋಡಿ ಬೇಜಾರು ಮಾಡಿಕೊಳ್ಳುತ್ತಿದ್ದರು.

ಆ ಬಡಗಿಗೆ ನಾವು ಯಾರೂ ಗೊತ್ತಿಲ್ಲ. ಈ ಸಾಕೆಟ್ ಇಟ್ಟ ಎಂಜಿನಿಯರ್‌ಗೂ ನಾನು ಗೊತ್ತಿಲ್ಲ. ಮುಂದೆ ಯಾರಿಗೋ ಏನೋ ಬೇಕಾಗಬಹುದು ಅಂತ ಇಬ್ಬರೂ ಒಂದು ಜಾಗ ಬಿಟ್ಟಿದ್ದಾರೆ. ಈಗಿನ ಕಾರುಗಳಲ್ಲಿ ಎಸಿ, ಕ್ಯಾಮೆರಾ, ರೇಡಿಯೋ ಎಲ್ಲಾ ಒಂದೇ ಸ್ಕ್ರೀನಿಗೆ ಸೇರಿಸಿಬಿಡುತ್ತಾರೆ, ಒಂದನ್ನು ಮುಟ್ಟಿದರೆ ಇನ್ನೊಂದಕ್ಕೆ ತೊಂದರೆ. ಗೆಳೆಯರು "ಹೊಸ ಕಾರು ತಗೋ, ಎಲ್ಲಾ ಒಳಗೇ ಬರುತ್ತೆ" ಅನ್ನುತ್ತಾರೆ. ಬರುತ್ತೆ, ನಿಜ. ಹದಿನೈದು ವರ್ಷ ಆದಮೇಲೆ ಅದಕ್ಕೆ ಏನಾದರೂ ಸೇರಿಸಬೇಕು ಅಂದರೆ ಎಲ್ಲಿಂದ ಸೇರಿಸೋದು?

ಭಾನುವಾರ ರಾತ್ರಿ ಪಿಟ್ಸ್‌ಬರ್ಗಿಂದ ವಾಪಸ್ ಬರುವಾಗ ಅಲೆಘೆನಿ ಸುರಂಗದೊಳಗೆ ದನಿ ನಿಂತಿತು. ಮೇಲೆ ಬೆಟ್ಟ ಇದ್ದರೆ ಉಪಗ್ರಹ ಏನು ಮಾಡುತ್ತೆ? ಹೆಂಡತಿ ಒಂದು ಕ್ಷಣ ನನ್ನ ಕಡೆ ನೋಡಿದಳು. ಸುರಂಗ ದಾಟಿ ಆಕಾಶ ಕಂಡ ಮೇಲೆ ಮಾತು ಮತ್ತೆ ಶುರುವಾಯಿತು. ಅವಳು ಸ್ಟೀರಿಂಗ್‌ನಿಂದ ಕೈ ತೆಗೆಯದೆ ಹೆಬ್ಬೆರಳಿನಿಂದ ಸೌಂಡ್ ಸ್ವಲ್ಪ ಜಾಸ್ತಿ ಮಾಡಿಕೊಂಡು, "ನೀವು ಮಲಗಿ" ಅಂದಳು.